ಮನೆಯ ಫೋನ್ ವೈರಿಂಗ್ ಸರಿಪಡಿಸಿ ಬ್ರಾಡ್‌ಬ್ಯಾಂಡ್ ಸುಧಾರಿಸುವುದು: ಯಾವುದು ಮೊದಲು, ಯಾವುದು ಆಮೇಲೆ

ಹೊಸ ಮೋಡೆಮ್ ತಂದರು, ಸ್ಪೀಡ್ ಏರಲಿಲ್ಲ. ಮಾತನ್ನೂ ಇಂಟರ್ನೆಟ್ಟನ್ನೂ ಬೇರ್ಪಡಿಸುವ ಪುಟ್ಟ ಡಬ್ಬಿ, ಅಂದರೆ ಸ್ಪ್ಲಿಟರ್ ಬದಲಿಸಿದರು, ಆಗಲೂ ಏರಲಿಲ್ಲ. ಕೊನೆಗೆ ಹಳೇ ವೈರ್ ಕಿತ್ತು ಹೊಸದು ಎಳೆದರು, ಇದ್ದ ಡಯಲ್ ಟೋನೂ ಹೋಯ್ತು. ಲ್ಯಾಂಡ್‌ಲೈನ್ ಮೇಲೆ ಇಂಟರ್ನೆಟ್ ನಡೆಸುವ ಮನೆಗಳಿಂದ ನನಗೆ ಬರುವ ಕರೆಗಳೆಲ್ಲ ಹೆಚ್ಚುಕಮ್ಮಿ ಇದೇ ಕಥೆ. ಕೆಲಸ ಕಷ್ಟದ್ದಲ್ಲ. ಮಾಡುವ ಕ್ರಮ ಹಿಂದುಮುಂದಾಗಿರುತ್ತದೆ, ಅಷ್ಟೇ.

ತಾಮ್ರದ ಎರಡೆಳೆ ವೈರಿನಲ್ಲಿ ಎಡಿಎಸ್‌ಎಲ್ ಅಥವಾ ವಿಡಿಎಸ್‌ಎಲ್ (ಫೋನ್ ವೈರಿನಲ್ಲೇ ಬರುವ ಬ್ರಾಡ್‌ಬ್ಯಾಂಡಿನ ಎರಡು ಬಗೆ, ಒಟ್ಟಾಗಿ ಡಿಎಸ್‌ಎಲ್) ಬರುವ ಮನೆಗಳಿಗೆ ಈ ಮಾರ್ಗದರ್ಶಿ. ನಿಮ್ಮೂರಿಗೆ ಫೈಬರ್ ಬಂದಿದ್ದರೆ ಅದನ್ನೇ ಹಾಕಿಸಿಕೊಳ್ಳಿ, ಅಟ್ಟ ಹತ್ತುವ ಶ್ರಮ ಉಳಿಯುತ್ತದೆ.

## ಗುರಿ ಏನು

ಹೊರಗಿನಿಂದ ಬಂದ ಲೈನ್ ಬೇರೆಲ್ಲೂ ಕವಲೊಡೆಯದೆ ಮೊದಲು ಸ್ಪ್ಲಿಟರ್ ಮುಟ್ಟಬೇಕು. ಅಲ್ಲಿಂದ ಒಂದು ವೈರ್ ಮೋಡೆಮಿಗೆ, ಇನ್ನೊಂದು ಫೋನುಗಳಿಗೆ. ಮುಂದಿನ ಹಂತಗಳೆಲ್ಲ ಇದಕ್ಕಾಗಿಯೇ.

"ಫೋನ್ ಚೆನ್ನಾಗಿ ಕೇಳುತ್ತೆ, ಹಾಗಾಗಿ ವೈರ್ ಸರಿಯಾಗಿದೆ" ಅನ್ನುವ ವಾದವನ್ನು ಈಗಲೇ ಬಿಟ್ಟುಬಿಡಿ. ಮಾತು 4 ಕಿಲೋಹರ್ಟ್ಸ್ ಒಳಗೇ ಮುಗಿದುಹೋಗುತ್ತದೆ. ಎಡಿಎಸ್‌ಎಲ್‌ನ ವೇಗದ ರೂಪವಾದ ಎಡಿಎಸ್‌ಎಲ್2+ ಓಡುವುದು ಸುಮಾರು 25 ಕಿಲೋಹರ್ಟ್ಸ್‌ನಿಂದ 2.2 ಮೆಗಾಹರ್ಟ್ಸ್‌ವರೆಗೆ. ಮಾತಿಗೆ ಸಾಕಾಗುವ ಕಿಲುಬು ಹಿಡಿದ ಜಾಯಿಂಟು ಇದಕ್ಕೆ ಸಾಕಾಗುವುದಿಲ್ಲ.

## ಕೈ ಹಾಕುವ ಮುನ್ನ

ಫೋನ್ ಲೈನಿನಲ್ಲಿ ಸುಮ್ಮನಿದ್ದಾಗ 48 ವೋಲ್ಟಿನಷ್ಟು ಡಿಸಿ ಇರುತ್ತದೆ. ಅದು ಅಷ್ಟೇನೂ ಗೊತ್ತಾಗುವುದಿಲ್ಲ. ಆದರೆ ರಿಂಗ್ ಬರುವಾಗ 75 ವೋಲ್ಟಿನ ಆಸುಪಾಸು ಎಸಿ ಹರಿಯುತ್ತದೆ. ಒದ್ದೆ ಕೈಯಲ್ಲಿ, ಏಣಿ ಮೇಲೆ ನಿಂತಾಗ ಆ ಜುಮ್ ಸಾಕು ಕೆಳಗೆ ಬೀಳಲು. ಆದ್ದರಿಂದ ಮೋಡೆಮ್ ಹಚ್ಚಿ ಅಳೆಯುವ ಹೊತ್ತು ಬಿಟ್ಟು, ವೈರಿಂಗಿಗೆ ಕೈ ಹಾಕುವಾಗೆಲ್ಲ ಒಳಬರುವ ಎರಡೂ ತಂತಿಗಳನ್ನು ಬಿಡಿಸಿ, ಒಂದೊಂದಕ್ಕೂ ಬೇರೆ ಬೇರೆ ಟೇಪ್ ಸುತ್ತಿ. ಅವೆರಡು ಒಂದಕ್ಕೊಂದು ತಾಗಿದರೆ ಎಕ್ಸ್‌ಚೇಂಜಿಗೆ ನಿಮ್ಮ ರಿಸೀವರ್ ಎತ್ತಿಟ್ಟ ಹಾಗೆ ಕಾಣುತ್ತದೆ.

ಗುಡುಗು ಕೇಳಿಸಿದರೆ ಕೆಲಸ ನಿಲ್ಲಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲಂತೂ ಶುರು ಮಾಡಲೇಬೇಡಿ. ಸಿಡಿಲು ಕಂಬದ ವೈರ್ ಹಿಡಿದೇ ಮನೆಗೆ ಬರುತ್ತದೆ.

ಕಂಬದ ಮೇಲಿನ ಡಿಪಿ ಬಾಕ್ಸ್ (ಮನೆಮನೆಗೆ ಲೈನ್ ಹಂಚುವ ಡಬ್ಬಿ) ಮತ್ತು ಅಲ್ಲಿಂದ ಮನೆಗೆ ಬರುವ ಡ್ರಾಪ್ ವೈರ್ ಕಂಪನಿಯದು. ರೋಸೆಟ್ ಬಾಕ್ಸ್, ಅಂದರೆ ಫೋನ್ ವೈರನ್ನು ಸ್ಕ್ರೂಗೆ ಕಟ್ಟುವ ಗೋಡೆಯ ಡಬ್ಬಿ, ಅದರೊಳಗೆ ಬಂದಿರುವ ತುದಿ ಬಿಟ್ಟು ಮಿಕ್ಕದ್ದನ್ನು ಮುಟ್ಟಬೇಡಿ. ಮನೆಯೊಳಗಿನ ಮೊದಲ ರೋಸೆಟ್ ಬಾಕ್ಸಿನಿಂದ ಈಚೆಗೆ ಮಾತ್ರ ನಮ್ಮ ಕೆಲಸ.

## ಬೇಕಾದ ಸಾಮಾನು

ಚಿಕ್ಕ ಸ್ಕ್ರೂಡ್ರೈವರ್, ಕಟರ್, ಇಕ್ಕಳ, ಟಾರ್ಚು. ಸಾದಾ ಡಿಜಿಟಲ್ ಮಲ್ಟಿಮೀಟರ್. ಹೊಸ ರೋಸೆಟ್ ಬಾಕ್ಸ್ ಒಂದು, ಒಳ್ಳೆಯ ಸ್ಪ್ಲಿಟರ್ ಒಂದು. ಎರಡು ಚಿಕ್ಕ ಫೋನ್ ಕಾರ್ಡ್‌ಗಳು, ಅಂದರೆ ಎರಡೂ ತುದಿಗೆ ಆರ್‌ಜೆ11 ಪಿನ್ ಇರುವಂಥವು. ಜೆಲ್ ತುಂಬಿದ ಗುಂಡಿ ಕನೆಕ್ಟರ್ ಏಳೆಂಟು. ಇಷ್ಟಾದರೆ ಸಾಕು.

ವೈರ್ ವಿಷಯದಲ್ಲಿ ಮಾತ್ರ ರಾಜಿ ಬೇಡ. ಕಂಪ್ಯೂಟರ್ ನೆಟ್‌ವರ್ಕಿಗೆ ಹಾಕುವ ಕ್ಯಾಟ್5ಇ ಕೇಬಲ್ ತನ್ನಿ, ಶುದ್ಧ ತಾಮ್ರದ್ದು. ಅಂಗಡಿಯವರು ತಾಮ್ರದ ಲೇಪ ಹಾಕಿದ ಅಲ್ಯುಮಿನಿಯಮ್ ಕೊಡುವುದುಂಟು. ಅದರ ತುದಿಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಹಾಗೆ ಕಂಡರೆ ವಾಪಸ್ ಕೊಡಿ.

ಚಪ್ಪಟೆ ಫೋನ್ ವೈರ್, ಸ್ಪೀಕರ್ ವೈರ್, ಕರೆಂಟಿನ ಟ್ವಿನ್ ವೈರ್ ಯಾವುದೂ ಬೇಡ. ಎರಡು ಎಳೆ ಒಂದಕ್ಕೊಂದು ಹುರಿಯಾಗಿ ಸುತ್ತಿಕೊಂಡಿದ್ದರೆ ಹೊರಗಿನ ಗಲಾಟೆ ಎರಡರಲ್ಲೂ ಒಂದೇ ಸಮ ಬಂದು ಅಲ್ಲಲ್ಲೇ ಕಳೆದುಹೋಗುತ್ತದೆ. ಚಪ್ಪಟೆ ವೈರಿಗೆ ಆ ಗುಣ ಇಲ್ಲ. ಅದು ಆಂಟೆನಾ ಆಗಿಬಿಡುತ್ತದೆ. ಬೆಂಗಳೂರು ಆಕಾಶವಾಣಿಯ ಮೀಡಿಯಂ ವೇವ್ 612 ಕಿಲೋಹರ್ಟ್ಸ್, ಧಾರವಾಡದ್ದು 765. ಎರಡೂ ನಿಮ್ಮ ಬ್ರಾಡ್‌ಬ್ಯಾಂಡ್ ಓಡುವ ದಾರಿಯಲ್ಲೇ ಇವೆ ನೋಡಿ.

## 1. ಈಗಿನ ಲೆಕ್ಕ ಬರೆದಿಟ್ಟುಕೊಳ್ಳಿ

ಬಹಳ ಜನ ಈ ಹಂತವನ್ನೇ ಹಾರಿಸಿಬಿಡುತ್ತಾರೆ. ಆಮೇಲೆ ಸುಧಾರಿಸಿತೋ ಇಲ್ಲವೋ ಅವರಿಗೇ ಗೊತ್ತಾಗುವುದಿಲ್ಲ.

ಮೊಬೈಲಿನ ಸ್ಪೀಡ್ ಟೆಸ್ಟ್ ನಂಬಬೇಡಿ, ಅದರಲ್ಲಿ ವೈಫೈ ತೊಂದರೆಯೂ ಸೇರಿರುತ್ತದೆ. ಬ್ರೌಸರಿನಲ್ಲಿ ಮೋಡೆಮಿನ ಪುಟ ತೆರೆಯಿರಿ. ಹೆಚ್ಚಿನವಕ್ಕೆ 192.168.1.1, ಇಲ್ಲದಿದ್ದರೆ ಮೋಡೆಮಿನ ತಳದಲ್ಲಿ ಬರೆದಿರುತ್ತದೆ. ಸ್ಟೇಟಸ್ ಒಳಗೆ ಡಿಎಸ್‌ಎಲ್ ಅಂತ ಒಂದು ಪುಟ ಇರುತ್ತದೆ. ಅಲ್ಲಿಂದ ಐದು ಅಂಕಿ ಬರೆದುಕೊಳ್ಳಿ.

ಡೌನ್‌ಸ್ಟ್ರೀಮ್ ಸಿಂಕ್ ರೇಟ್: ಮೋಡೆಮ್ ಮತ್ತು ಎಕ್ಸ್‌ಚೇಂಜ್ ಒಪ್ಪಿಕೊಂಡಿರುವ ವೇಗ.

ಅಟೇನಬಲ್ ರೇಟ್: ಲೈನ್ ತಾಳಬಲ್ಲ ಗರಿಷ್ಠ ವೇಗ. ನಿಮ್ಮ ಪ್ಲಾನಿಗೆ ಮಿತಿ ಇದ್ದರೆ ಸಿಂಕ್ ಅಲ್ಲಿಗೇ ನಿಲ್ಲುತ್ತದೆ, ಇದು ಮಾತ್ರ ನಿಜ ಹೇಳುತ್ತದೆ.

ಎಸ್‌ಎನ್‌ಆರ್ ಮಾರ್ಜಿನ್: ಗಲಾಟೆಯ ನಡುವೆ ಸಿಗ್ನಲ್ಲಿಗೆ ಉಳಿದಿರುವ ಬಿಡುವು. ಜಾಸ್ತಿ ಇದ್ದಷ್ಟೂ ಒಳ್ಳೆಯದು. 6 ಡಿಬಿಗಿಂತ (ಡೆಸಿಬೆಲ್) ಕೆಳಗಿದ್ದರೆ ಲೈನ್ ಆಗಾಗ ಕಡಿದುಹೋಗುತ್ತದೆ, 10 ದಾಟಿದರೆ ನೆಮ್ಮದಿ.

ಲೈನ್ ಅಟೆನ್ಯುಯೇಶನ್: ಸಿಗ್ನಲ್ ದಾರಿಯಲ್ಲಿ ಎಷ್ಟು ಕುಗ್ಗಿತು ಅನ್ನುವುದು. ಕಡಿಮೆ ಇದ್ದಷ್ಟೂ ಒಳ್ಳೆಯದು. ಇದು ಮುಖ್ಯವಾಗಿ ಎಕ್ಸ್‌ಚೇಂಜಿನಿಂದ ನಿಮ್ಮ ಮನೆಗಿರುವ ದೂರದ ಲೆಕ್ಕ. 60 ಡಿಬಿ ಇದ್ದರೆ ಮನೆಯೊಳಗೆ ಏನೇ ಮಾಡಿದರೂ ಪವಾಡ ನಡೆಯುವುದಿಲ್ಲ.

ಸಿಆರ್‌ಸಿ ಎರರ್: ದಾರಿಯಲ್ಲಿ ಕೆಟ್ಟುಹೋದ ಡೇಟಾದ ಎಣಿಕೆ. ಈಗ ಎಷ್ಟಿದೆ, ಒಂದು ಗಂಟೆ ಬಿಟ್ಟು ಎಷ್ಟಾಯಿತು, ಎರಡನ್ನೂ ಬರೆಯಿರಿ.

ಹಗಲಿಗೊಮ್ಮೆ, ರಾತ್ರಿ ಎಂಟರ ಹೊತ್ತಿಗೊಮ್ಮೆ ನೋಡಿ. ಕತ್ತಲಾದ ಮೇಲೆ ದೂರದ ರೇಡಿಯೋ ಕೇಂದ್ರಗಳ ಅಲೆಗಳೂ ತಲುಪುವುದರಿಂದ ಮಾರ್ಜಿನ್ ಒಂದೆರಡು ಡಿಬಿ ಇಳಿಯುವುದು ಸಾಮಾನ್ಯ.

## 2. ಲೈನ್ ಒಳಬರುವ ಜಾಗದಲ್ಲೇ ಮೋಡೆಮ್ ಹಚ್ಚಿ ನೋಡಿ

ಇಡೀ ಕೆಲಸದಲ್ಲಿ ಇದೇ ಮುಖ್ಯವಾದ ಹಂತ. ಇದನ್ನು ಮಾಡದೆ ಒಂದು ವೈರನ್ನೂ ಕತ್ತರಿಸಬೇಡಿ.

ಡ್ರಾಪ್ ವೈರ್ ಬಂದು ಕೂರುವ ಮೊದಲ ರೋಸೆಟ್ ಎಲ್ಲಿದೆ ನೋಡಿ. ಹೆಚ್ಚಾಗಿ ಜಗುಲಿಯಲ್ಲಿ, ಕಿಟಕಿ ಪಕ್ಕ ಅಥವಾ ಬಾಗಿಲ ಮೇಲೆ ಇರುತ್ತದೆ. ಮುಚ್ಚಳ ತೆಗೆದು ಒಳಗಿನ ಒಂದು ಫೋಟೋ ಹಿಡಿಯಿರಿ, ಆಮೇಲೆ ಬೇಕಾಗುತ್ತದೆ. ಹೊರಗಿನಿಂದ ಬಂದ ಜೋಡಿಯನ್ನು ಮಾತ್ರ ಬಿಟ್ಟು, ಮನೆಯೊಳಗೆ ಹೋಗುವ ಎಲ್ಲ ವೈರುಗಳನ್ನೂ ಸ್ಕ್ರೂನಿಂದ ಬಿಡಿಸಿ. ಮೋಡೆಮನ್ನು ಎಕ್ಸ್‌ಟೆನ್ಶನ್ ಬೋರ್ಡ್ ಸಮೇತ ಅಲ್ಲಿಗೇ ತಂದು, ಸ್ಪ್ಲಿಟರ್ ಇಲ್ಲದೆ ಚಿಕ್ಕ ಕಾರ್ಡಿನಲ್ಲಿ ನೇರ ಹಚ್ಚಿ. ಅದೇ ಐದು ಅಂಕಿ ಮತ್ತೆ ಬರೆಯಿರಿ.

ಅಂಕಿ ಚೆನ್ನಾಗಿ ಏರಿದರೆ ತಪ್ಪು ಮನೆಯ ವೈರಿಂಗಿನದು, ಮುಂದಿನ ಹಂತಕ್ಕೆ ಹೋಗಿ. ಅಲ್ಲಾಡಲೇ ಇಲ್ಲ ಅಂದರೆ ತಪ್ಪು ಹೊರಗಿನದು, ಇಲ್ಲವೇ ದೂರದ್ದು. ಆಗ ಗೋಡೆ ಕೊರೆಯುವ ಕೆಲಸ ಬಿಟ್ಟು ನೇರ 9ನೇ ಹಂತಕ್ಕೆ ಹೋಗಿ.

ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಪ್ಪನ ಮನೆಯಲ್ಲಿ ಮಹಡಿ ಮೇಲೆ 2.9 ಎಂಬಿಪಿಎಸ್ ಬರುತ್ತಿತ್ತು. ಅದೇ ಮೋಡೆಮ್ ಜಗುಲಿಗೆ ತಂದು ಹಚ್ಚಿದಾಗ 7.6. ಅದಕ್ಕೂ ಮೊದಲು ಅವರು ಎರಡು ಮೋಡೆಮ್ ಕೊಂಡಾಗಿತ್ತು.

ಪರೀಕ್ಷೆ ಮಾಡುವಾಗ ಮೋಡೆಮನ್ನು ಹತ್ತಾರು ಸಲ ಆಫ್ ಆನ್ ಮಾಡಬೇಡಿ. ಲೈನ್ ಪದೇ ಪದೇ ಕಡಿಯುತ್ತಿದೆ ಎಂದುಕೊಂಡು ತಾನಾಗಿ ವೇಗ ಇಳಿಸುವ ಸಲಕರಣೆ ಕೆಲವು ಎಕ್ಸ್‌ಚೇಂಜುಗಳಲ್ಲಿ ಇರುತ್ತದೆ.

## 3. ವೈರ್ ಎಲ್ಲೆಲ್ಲಿ ಹೋಗಿದೆ, ಹುಡುಕಿ

ಒಂದು ಹಾಳೆಯಲ್ಲಿ ಮನೆಯ ನಕ್ಷೆ ಗೀಚಿ. ರೋಸೆಟಿನಿಂದ ಹೊರಟ ಪ್ರತಿ ವೈರನ್ನೂ ಕೊನೆವರೆಗೆ ಹಿಂಬಾಲಿಸಿ. ಅಟ್ಟ, ಮಂಚದ ಹಿಂದೆ, ಫೋಟೋಗಳ ಹಿಂದೆ, ಬಣ್ಣ ಬಳಿದು ಮುಚ್ಚಿಹೋದ ಕ್ಲಿಪ್‌ಗಳ ಸಾಲು ಯಾವುದನ್ನೂ ಬಿಡಬೇಡಿ. ಮನೆಯ ಹಿರಿಯರನ್ನು ಕೇಳಿ, ನಕ್ಷೆಗಿಂತ ಅವರಿಗೆ ಜಾಸ್ತಿ ಗೊತ್ತಿರುತ್ತದೆ. ದೊಡ್ಡಪ್ಪನ ಮನೆಯಲ್ಲಿ ಒಂದು ವೈರ್ ಗೋಡೆಯೊಳಗೆ ಮಾಯವಾಗಿತ್ತು. ಅರ್ಧ ಗಂಟೆ ಹುಡುಕಿದ ಮೇಲೆ ದೊಡ್ಡಮ್ಮ ಒಳಗಿಂದ ಅಂದರು: "ಅದು ನಿಮ್ಮಜ್ಜ ಇದ್ದಾಗ ಮುಂದಿನ ಅಂಗಡಿಗೆ ಎಳ್ಸಿದ್ದು ಮಾರಾಯ." ಅಂಗಡಿ ಮುಚ್ಚಿ ಎಷ್ಟೋ ವರ್ಷ. ವೈರ್ ಮಾತ್ರ ಹಾಗೇ ಇತ್ತು, ಆ ತುದಿ ಬರಿದಾಗಿ ನೇತಾಡುತ್ತಿತ್ತು.

ಇಂಥ ತುದಿ ಇಲ್ಲದ ಕವಲೇ ದೊಡ್ಡ ಕಳ್ಳ. ಸಿಗ್ನಲ್ ಅದರೊಳಕ್ಕೂ ಹೋಗುತ್ತದೆ, ಬರಿದಾದ ತುದಿಗೆ ಬಡಿದು ವಾಪಸ್ ಬರುತ್ತದೆ, ಬಂದು ಅಸಲಿ ಸಿಗ್ನಲ್ಲಿಗೇ ಅಡ್ಡ ಹೊಡೆಯುತ್ತದೆ. 20ರಿಂದ 25 ಮೀಟರ್ ಉದ್ದದ ಕವಲಾದರೆ ಎಡಿಎಸ್‌ಎಲ್2+ನ ಮೇಲ್ತುದಿಯ ಅಲೆಗಳಿಗೇ ಸರಿಯಾಗಿ ಪೆಟ್ಟು ಬೀಳುತ್ತದೆ. ಅಂಗಡಿಯ ವೈರ್ ಅಳೆದರೆ ಅಷ್ಟೇ ಇತ್ತು.

## 4. ಬೇಡದ್ದನ್ನು ಕಳಚಿ

ಬಳಕೆಯಲ್ಲಿಲ್ಲದ ಕವಲುಗಳನ್ನು ಬುಡದಲ್ಲೇ, ಅಂದರೆ ರೋಸೆಟ್ ಕಡೆಯಿಂದ ಬಿಡಿಸಿ. ಆ ತುದಿಯ ಫೋನ್ ಕಿತ್ತಿಟ್ಟರೆ ಸಾಲದು, ವೈರ್ ಜೋಡಿಸಿಕೊಂಡಿದ್ದರೆ ಕವಲು ಕವಲೇ.

ಹಳೇ ರೋಸೆಟ್ ಒಳಗೆ ಇರುವೆ ಗೂಡು, ಹಲ್ಲಿ ಮೊಟ್ಟೆ, ಹಸಿರು ಕಿಲುಬು ಕಂಡರೆ ಉಜ್ಜಿ ಸ್ವಚ್ಛ ಮಾಡುತ್ತಾ ಕೂರಬೇಡಿ. ಬಾಕ್ಸನ್ನೇ ಬದಲಿಸಿ. ಕಿಲುಬು ಹಿಡಿದ ತಂತಿಯ ತುದಿಯನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ. ಕತ್ತರಿಸುವ ಮುನ್ನ ಉದ್ದ ಸಾಕಾಗುತ್ತದಾ ನೋಡಿಕೊಳ್ಳಿ. ಡ್ರಾಪ್ ವೈರ್ ಗಿಡ್ಡವಾದರೆ ಲೈನ್‌ಮನ್ ಬರುವವರೆಗೆ ಕಾಯಬೇಕಾಗುತ್ತದೆ.

## 5. ಮೋಡೆಮ್ ಎಲ್ಲಿರಬೇಕು, ತೀರ್ಮಾನಿಸಿ

ಹೊಸ ಫೋನ್ ವೈರ್ ಎಳೆಯುವ ಮುನ್ನ ಒಂದು ಪ್ರಶ್ನೆ: ಎಳೆಯಲೇಬೇಕಾ? ಮೋಡೆಮನ್ನು ಲೈನ್ ಒಳಬರುವ ಜಾಗದಲ್ಲೇ ಇಟ್ಟು, ಅಲ್ಲಿಂದ ಮಹಡಿಗೆ ನೆಟ್‌ವರ್ಕ್ ಕೇಬಲ್ ಎಳೆದರೆ ಎಲ್ಲಕ್ಕಿಂತ ಒಳ್ಳೆಯದು. ನೆಟ್‌ವರ್ಕ್ ಕೇಬಲ್ 100 ಮೀಟರ್ ಹೋದರೂ ವೇಗ ಇಳಿಯುವುದಿಲ್ಲ. ಮಹಡಿಯಲ್ಲಿ ಒಂದು ಅಗ್ಗದ ವೈಫೈ ರೂಟರ್ ಕೂರಿಸಿದರಾಯಿತು. ಜಗುಲಿಯಲ್ಲಿ ಒಂದು ಪ್ಲಗ್ ಪಾಯಿಂಟ್ ಬೇಕು, ಅಷ್ಟೇ. ನನ್ನನ್ನು ಕೇಳಿದವರಿಗೆಲ್ಲ ಇದನ್ನೇ ಹೇಳುತ್ತೇನೆ. ಅರ್ಧ ಜನ ಜಗುಲಿಯಲ್ಲಿ ಮಿಣಿಮಿಣಿ ದೀಪದ ಡಬ್ಬಿ ಚೆಂದ ಕಾಣಲ್ಲ ಅಂತಾರೆ. ಅವರಿಗಾಗಿ 7ನೇ ಹಂತ.

## 6. ಸ್ಪ್ಲಿಟರ್ ಕೂರಿಸಿ

ಸ್ಪ್ಲಿಟರಿಗೆ ಮೂರು ಬಾಯಿ: ಲೈನ್, ಮೋಡೆಮ್, ಫೋನ್. ರೋಸೆಟಿನಿಂದ ಬಂದ ಕಾರ್ಡ್ ಲೈನ್ ಬಾಯಿಗೆ. ಮೋಡೆಮ್ ಅದರದ್ದಕ್ಕೆ. ಮನೆಯ ಎಲ್ಲ ಫೋನುಗಳೂ, ಪ್ಯಾರಲಲ್ ಸೆಟ್, ಕಾರ್ಡ್‌ಲೆಸ್, ಫ್ಯಾಕ್ಸ್, ಕಾಲರ್ ಐಡಿ ಡಬ್ಬಿ ಸೇರಿ, ಫೋನ್ ಬಾಯಿಯ ಹಿಂದೆ. ಒಳಮನೆಗೆ ಹೋಗುವ ಹಳೇ ವೈರನ್ನು ಈ ಬಾಯಿಗೆ ಕೊಟ್ಟರೆ ಅದು ಎಷ್ಟೇ ಹಳತಾಗಿದ್ದರೂ ಬ್ರಾಡ್‌ಬ್ಯಾಂಡಿಗೆ ತೊಂದರೆ ಇಲ್ಲ.

ಇಲ್ಲಿ ಮೂರು ತಪ್ಪು ಪದೇ ಪದೇ ಕಾಣುತ್ತೇನೆ. ಮೊದಲನೆಯದು, ಲೈನ್ ಮತ್ತು ಫೋನ್ ಬಾಯಿ ಅದಲುಬದಲು. ಆಗ ಫೋನ್ ಸರಿಯಾಗೇ ಇರುತ್ತದೆ, ಮೋಡೆಮಿನ ಡಿಎಸ್‌ಎಲ್ ದೀಪ ಮಾತ್ರ ಮಿಟುಕುತ್ತಲೇ ಇರುತ್ತದೆ. ಎರಡನೆಯದು, ಸ್ಪ್ಲಿಟರಿಗೂ ಮುಂಚೆ ಎಲ್ಲೋ ಒಂದು ಪ್ಯಾರಲಲ್ ಫೋನ್ ಉಳಿದುಹೋಗಿರುವುದು. ಇದರ ಗುರುತು ಸುಲಭ: ರಿಸೀವರ್ ಎತ್ತಿದಾಗ ಅಥವಾ ರಿಂಗ್ ಆದಾಗ ನೆಟ್ ಕಡಿಯುತ್ತದೆ. ಮೂರನೆಯದು, ಇರಲಿ ಅಂತ ಒಂದರ ಹಿಂದೆ ಇನ್ನೊಂದು ಸ್ಪ್ಲಿಟರ್ ಹಾಕುವುದು. ಒಂದೇ ಸಾಕು.

## 7. ಹೊಸ ವೈರ್ ಎಳೆಯುವುದಾದರೆ

ಸ್ಪ್ಲಿಟರ್ ಒಳಬರುವ ಜಾಗದಲ್ಲೇ ಇರಲಿ, ಅದರ ಮೋಡೆಮ್ ಬಾಯಿಯಿಂದ ಕೋಣೆಗೆ ಒಂದೇ ಒಂದು ಕ್ಯಾಟ್5ಇ ಕೇಬಲ್, ನಡುವೆ ಜಾಯಿಂಟ್ ಇಲ್ಲದೆ ಹೋಗಲಿ. ಆ ತುದಿಯಲ್ಲಿ ಹೊಸ ರೋಸೆಟ್.

ಕೇಬಲಿನಲ್ಲಿ ನಾಲ್ಕು ಜೋಡಿ ಇರುತ್ತವೆ. ನೀಲಿ ಮತ್ತು ಬಿಳಿ-ನೀಲಿ, ಈ ಒಂದು ಜೋಡಿ ಮಾತ್ರ ಬಳಸಿ. ನೀಲಿ ಒಂದು, ಕಿತ್ತಳೆ ಒಂದು ಅಂತ ಬೇರೆ ಬೇರೆ ಜೋಡಿಯಿಂದ ಆರಿಸಿದರೆ ಹುರಿಯ ಪ್ರಯೋಜನವೇ ಹೋಯಿತು. ಮೀಟರ್ ಹಿಡಿದರೆ ಎಲ್ಲ ಸರಿ ಅಂತಲೇ ತೋರಿಸುತ್ತದೆ, ಸ್ಪೀಡ್ ಮಾತ್ರ ಬರುವುದಿಲ್ಲ. ದಪ್ಪ ಆಗಲಿ ಅಂತ ಎರಡು ಜೋಡಿ ಸೇರಿಸುವುದೂ ಬೇಡ. ಪ್ಲಸ್, ಮೈನಸ್ ಅದಲುಬದಲಾದರೆ ಡಿಎಸ್‌ಎಲ್‌ಗೆ ಏನೂ ಆಗುವುದಿಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಕರೆಂಟ್ ವೈರ್ ಇರುವ ಪೈಪಿನಲ್ಲಿ ಇದನ್ನು ತೂರಿಸಲೇಬಾರದು. ಇದು ಸ್ಪೀಡಿನ ಮಾತಲ್ಲ, ಜೀವದ ಮಾತು. ಗೋಡೆ ಮೇಲೆ ಹೋಗುವಾಗ ಒಂದು ಅಡಿಯಾದರೂ ದೂರ ಇರಲಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ, ಜೊತೆಜೊತೆಗೆ ಓಡಿಸಬೇಡಿ. ಯುಪಿಎಸ್, ಇನ್ವರ್ಟರ್, ಪಂಪಿನ ಸ್ಟಾರ್ಟರ್ ಇವುಗಳ ಬೆನ್ನ ಹಿಂದೆ ಹಾಯಿಸಬೇಡಿ. ಮಿಕ್ಕ ಕೇಬಲನ್ನು ಸುರುಳಿ ಸುತ್ತಿ ಬಿಡದೆ ಕತ್ತರಿಸಿ ತೆಗೆಯಿರಿ.

ಹೊರಗೋಡೆಯ ತೂತಿನ ಹತ್ತಿರ ಒಂದು ಸಣ್ಣ ಕೆಲಸ ಇದೆ. ವೈರ್ ತೂತಿನೊಳಗೆ ಹೋಗುವ ಮುನ್ನ ಅಂಗೈಯಗಲದಷ್ಟು ಕೆಳಗೆ ಜೋತುಬಿದ್ದು ಮೇಲೇರುವಂತೆ ಬಿಡಿ. ಮಳೆ ನೀರು ಆ ಬಗ್ಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಹಾಗೆ ಬಿಡದಿದ್ದರೆ ವೈರ್ ಹಿಡಿದು ಸೀದಾ ರೋಸೆಟ್ ಒಳಗೇ ಇಳಿಯುತ್ತದೆ.

### ಜಾಯಿಂಟ್ ಮಾಡುವುದು

ಸುಮ್ನೆ ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಬೇಸಿಗೆಯಲ್ಲಿ ನಡೆಯುತ್ತದೆ, ಜುಲೈನಲ್ಲಿ ಕೈ ಕೊಡುತ್ತದೆ. ಸೇರಿಸಲೇಬೇಕಾದ ಕಡೆ ಜೆಲ್ ಕನೆಕ್ಟರ್ ಹಾಕಿ. ತಂತಿಯ ಮೇಲಿನ ಪ್ಲಾಸ್ಟಿಕ್ ಸುಲಿಯದೆ ಎರಡೂ ತುದಿಗಳನ್ನು ಅದರ ಬಾಯಿಗೆ ಪೂರ್ತಿ ತಳ್ಳಿ, ಇಕ್ಕಳದಿಂದ ಗುಂಡಿ ಒತ್ತಿ. ಕಟ್ ಅಂತ ಕೂತುಕೊಳ್ಳುತ್ತದೆ, ಬದಿಯಿಂದ ಸ್ವಲ್ಪ ಜೆಲ್ ಒಸರುತ್ತದೆ. ಅದನ್ನು ಒರೆಸಬೇಡಿ, ತೇವ ತಡೆಯುವುದು ಅದೇ.

ರೋಸೆಟ್ ಸ್ಕ್ರೂಗೆ ಕಟ್ಟುವಾಗ ಒಂದು ಸೆಂಟಿಮೀಟರ್ ಸುಲಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಕೊಕ್ಕೆ ಮಾಡಿ ಸುತ್ತಿ. ಸ್ಕ್ರೂ ಬಿಗಿಯಾದ ಹಾಗೆ ತಂತಿ ಒಳಕ್ಕೆ ಸೇರುತ್ತದೆ. ಉಲ್ಟಾ ಸುತ್ತಿದರೆ ಹೊರಕ್ಕೆ ಜಾರುತ್ತದೆ. ಹುರಿಯನ್ನು ಸ್ಕ್ರೂ ಹತ್ತಿರದವರೆಗೂ ಬಿಚ್ಚದೆ ಉಳಿಸಿಕೊಳ್ಳಿ. ಸ್ಕ್ರೂವನ್ನು ಪೂರ್ತಿ ಶಕ್ತಿ ಹಾಕಿ ಬಿಗಿದರೆ ತಂತಿ ತುಂಡಾಗುತ್ತದೆ.

## 8. ಲೈನ್ ಕೊಡುವ ಮುನ್ನ ಮೀಟರ್ ಹಿಡಿಯಿರಿ, ಕೊಟ್ಟ ಮೇಲೆ ಮತ್ತೆ ಅಳೆಯಿರಿ

ಹೊಸ ವೈರಿನ ಎರಡೂ ತುದಿ ಬಿಡಿಯಾಗಿರುವಾಗ ಓಮ್ಸ್‌ನಲ್ಲಿ ಇಟ್ಟು ಅಳೆಯಿರಿ. ಎರಡು ಎಳೆಗಳ ನಡುವೆ ಸಂಪರ್ಕ ತೋರಿಸಬಾರದು. ತೋರಿಸಿದರೆ ಎಲ್ಲೋ ತಾಗಿದೆ ಅಥವಾ ಮೊಳೆ ಚುಚ್ಚಿದೆ. ಆಮೇಲೆ ಆ ತುದಿಯಲ್ಲಿ ಎರಡನ್ನೂ ಸೇರಿಸಿ ಈ ತುದಿಯಲ್ಲಿ ನೋಡಿ. 0.5 ಮಿ.ಮೀ. ದಪ್ಪದ ತಾಮ್ರ 30 ಮೀಟರ್ ಹೋಗಿ ಬಂದರೆ 5 ಓಮ್ ಆಸುಪಾಸು ಬರುತ್ತದೆ. 20, 30 ಬಂದರೆ ಸ್ಕ್ರೂ ಸಡಿಲ ಇದೆ ಅಥವಾ ತಂತಿ ಒಳಗೇ ಸೀಳಿದೆ. ನೆನಪಿರಲಿ, ಜೀವಂತ ಲೈನ್ ಮೇಲೆ ಓಮ್ಸ್ ಅಳೆಯಬಾರದು. ಅಲ್ಲಿ ಡಿಸಿ ವೋಲ್ಟ್ ಮಾತ್ರ.

ಎಲ್ಲ ಸರಿಯಿದ್ದರೆ ಒಳಬರುವ ಜೋಡಿಯನ್ನು ಹಚ್ಚಿ. ಮೊದಲು ಫೋನ್ ಪರೀಕ್ಷೆ: ರಿಸೀವರ್ ಎತ್ತಿ, ಒಂದೇ ಒಂದು ಅಂಕಿ ಒತ್ತಿ, ಟೋನ್ ನಿಂತ ಮೇಲೆ ಕಿವಿಗೊಡಿ. ನಿಶ್ಶಬ್ದ ಇರಬೇಕು. ಕರಕರ ಅಂದರೆ ಕೆಟ್ಟ ಜಾಯಿಂಟ್, ಗುಂಯ್ ಅಂದರೆ ಕರೆಂಟ್ ವೈರಿನ ಸಹವಾಸ ಅಥವಾ ಒಂದು ಎಳೆ ನೆಲಕ್ಕೆ ತಾಗಿದೆ.

ನಂತರ ಮೋಡೆಮ್. ಎರಡನೇ ಹಂತದಲ್ಲಿ ಜಗುಲಿಯಲ್ಲಿ ಬಂದ ಅಂಕಿಗಳೇ ನಿಮ್ಮ ಗುರಿ. ಅದರ ಹತ್ತಿರ ಹತ್ತಿರ ಬಂದರೆ ಕೆಲಸ ಗೆದ್ದಿತು. ಮಾರ್ಜಿನ್ ಏರಲಿಲ್ಲ ಅಂತ ಕೆಲವರು ಬೇಜಾರಾಗುತ್ತಾರೆ. ಸಿಂಕ್ ಏರಿದೆಯಾ ನೋಡಿ. ಪ್ಲಾನಿಗೆ ಮಿತಿ ಇಲ್ಲದಿದ್ದರೆ ಉಳಿತಾಯವಾದ ಮಾರ್ಜಿನನ್ನೆಲ್ಲ ಮೋಡೆಮ್ ವೇಗಕ್ಕೇ ಹಾಕಿಕೊಳ್ಳುತ್ತದೆ. ಮಿತಿ ಇದ್ದರೆ ಸಿಂಕ್ ಅಲ್ಲೇ ಇದ್ದು ಮಾರ್ಜಿನ್ ಏರುತ್ತದೆ.

ಎಲ್ಲ ಚೆನ್ನಾಗಿದ್ದೂ ದಿನಾ ಒಂದೇ ಹೊತ್ತಿಗೆ ಎರರ್ ಏರುತ್ತಿದ್ದರೆ ಆ ಹೊತ್ತಿಗೆ ಮನೆಯಲ್ಲಿ ಏನು ಆನ್ ಆಗುತ್ತದೆ ನೋಡಿ. ಹಳೇ ಎಎಂ ರೇಡಿಯೋ ಇದ್ದರೆ ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ತಿರುಗಿಸಿ, ಹಿಡಿದುಕೊಂಡು ಮನೆಯೆಲ್ಲ ಓಡಾಡಿ. ಎಲ್ಲಿ ಗೊರಗೊರ ಜೋರಾಗುತ್ತದೋ ಅಲ್ಲಿದೆ ತಂಟೆ. ಒಂದು ಮನೆಯಲ್ಲಿ ದೇವರ ಮನೆಯ ಅಗ್ಗದ ಎಲ್‌ಇಡಿ ಸರ ಸಿಕ್ಕಿತು. ಸಂಜೆ ಆರೂವರೆಗೆ ದೀಪ, ಆರೂವರೆಗೇ ನೆಟ್ ಢಮಾರ್.

## 9. ತಪ್ಪು ಹೊರಗಿನದಾದರೆ

ಒಳಬರುವ ಜಾಗದಲ್ಲೇ ಅಂಕಿ ಕೆಟ್ಟಿದ್ದರೆ, ಫೋನಿನಲ್ಲೂ ಕರಕರ ಇದ್ದರೆ, ಮಳೆ ಬಂದಾಗ ಮಾತ್ರ ಲೈನ್ ಸಾಯುತ್ತಿದ್ದರೆ ದೂರು ಕೊಡಿ. "ನೆಟ್ ಸ್ಲೋ" ಅಂತ ಬರೆಸಬೇಡಿ, ಅದಕ್ಕೆ ಮೋಡೆಮ್ ರೀಸ್ಟಾರ್ಟ್ ಮಾಡಿ ಅನ್ನುವ ಉತ್ತರ ಸಿದ್ಧವಾಗಿರುತ್ತದೆ. "ಮನೆ ವೈರಿಂಗ್ ಪೂರ್ತಿ ಬಿಡಿಸಿ ಮೊದಲ ರೋಸೆಟಿನಲ್ಲಿ ಅಳೆದಿದ್ದೇನೆ, ಮಾರ್ಜಿನ್ 4 ಡಿಬಿ, ಗಂಟೆಗೆ ಇಷ್ಟು ಸಿಆರ್‌ಸಿ, ಲೈನಿನಲ್ಲಿ ಕರಕರ ಇದೆ" ಅಂತ ಬರೆಸಿ. ಫೋನಿನಲ್ಲಿ ಸದ್ದು ಇದ್ದರೆ ಅದನ್ನೇ ಮೊದಲು ಹೇಳಿ. ಕಿವಿಗೆ ಕೇಳುವ ತೊಂದರೆಯನ್ನು ಯಾರೂ ಇಲ್ಲ ಅನ್ನಲಾಗುವುದಿಲ್ಲ.

ಲೈನ್‌ಮನ್ ಬಂದಾಗ ನಿಮ್ಮ ಹಾಳೆ ತೋರಿಸಿ, ಡಿಪಿ ಬಾಕ್ಸಿನಲ್ಲಿ ಜೋಡಿ ಬದಲಿಸಿ ನೋಡಲು ಕೇಳಿ. ಖಾಲಿ ಇರುವ ಬೇರೆ ಜೋಡಿ ಸಿಕ್ಕರೆ ಅರ್ಧ ಗಂಟೆಯ ಕೆಲಸ. ಅವರು ಹೊರಡುವ ಮುನ್ನ ಅದೇ ರೋಸೆಟಿನಲ್ಲಿ ಮೋಡೆಮ್ ಹಚ್ಚಿ, ಐದು ಅಂಕಿಗಳನ್ನು ಅವರ ಎದುರಿಗೇ ಓದಿ.

ಆ ಅಂಕಿ, ತಾರೀಖು, ಯಾವ ವೈರ್ ಎಲ್ಲಿಗೆ ಅನ್ನುವ ಪುಟ್ಟ ನಕ್ಷೆ, ಮೂರನ್ನೂ ಒಂದು ಚೀಟಿಯಲ್ಲಿ ಬರೆದು ರೋಸೆಟ್ ಮುಚ್ಚಳದ ಒಳಗೆ ಅಂಟಿಸಿ. ದೊಡ್ಡಪ್ಪನ ಮನೆಯ ಚೀಟಿಯಲ್ಲಿ ಕೊನೆಯ ಸಾಲು ಹೀಗಿದೆ: "ಅಂಗಡಿ ವೈರ್ ಕಿತ್ತಿದೆ, ಮತ್ತೆ ಜೋಡಿಸಬೇಡಿ."